ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಹಿಡಿಯಲ್ಲ!

ಮದುವೆಗೋ ಗೃಹಪ್ರವೇಶಕ್ಕೋ ಹೊರಟು ನಿಂತ ದಿನವೇ ಹಳೇ ಕಾರು ಹಟ ಹಿಡಿಯುತ್ತದೆ. ಬಾನೆಟ್ ಎತ್ತಿದರೆ ಸಾಕು, ಬೀದಿಯ ಅರ್ಧ ಜನ ಮೆಕ್ಯಾನಿಕ್‌ಗಳಾಗುತ್ತಾರೆ. ಹಾಲು ತರಲು ಹೊರಟವರು ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’ ಎನ್ನುತ್ತಾರೆ. ಎದುರುಮನೆಯವರಿಗೆ ಪ್ಲಗ್ ಮೇಲೆ ಅನುಮಾನ. ಹುಡುಗರು ಆಗಲೇ ತೋಳೇರಿಸಿ ‘ತಳ್ಳೋಣ ಅಂಕಲ್’ ಎಂದು ಹಿಂದೆ ನಿಂತಿರುತ್ತಾರೆ. ವಾಕಿಂಗ್ ಮುಗಿಸಿ ಬಂದ ಹಿರಿಯರೊಬ್ಬರು ‘ಪೆಟ್ರೋಲ್ ಇದೆಯೇನಪ್ಪಾ?’ ಎಂದು ಕೇಳಿ ಮನೆ ಯಜಮಾನರ ಕೆಂಗಣ್ಣಿಗೆ ಗುರಿಯಾಗುತ್ತಾರೆ.

ಇವರಲ್ಲಿ ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ. ಬ್ಯಾಟರಿ, ಪ್ಲಗ್, ಪೆಟ್ರೋಲ್ ಮೂರರಲ್ಲಿ ಯಾವುದು ಕೈಕೊಟ್ಟರೂ ಕಾರು ಕದಲುವುದಿಲ್ಲ. ಆದರೆ ಊಹೆಗೊಂದು ಸಾಮಾನು ಬದಲಿಸುತ್ತ ಹೋದರೆ ಖರ್ಚು ಏರುತ್ತದೆಯೇ ಹೊರತು ಕಾರಣ ಸಿಗುವುದಿಲ್ಲ. ಹೊಸ ಬ್ಯಾಟರಿ, ಹೊಸ ಪ್ಲಗ್, ಹೊಸ ಕಾಯಿಲ್ ಎಲ್ಲ ಹಾಕಿಸಿದ ಮೇಲೆ, ತೊಂದರೆ ಇದ್ದದ್ದು ತುಕ್ಕು ಹಿಡಿದ ಒಂದು ಅರ್ತ್ ವೈರಿನಲ್ಲಿ ಎಂದು ಗೊತ್ತಾಗುವುದು ಗ್ಯಾರೇಜುಗಳಲ್ಲಿ ಹೊಸ ಸಂಗತಿಯೇನಲ್ಲ.

ಅಂಬಾಸಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಬಹಳ ಮೊದಲೇ ಷೋರೂಮುಗಳಿಂದ ಮರೆಯಾಗಿತ್ತು. ಆದರೂ ತಾಲ್ಲೂಕು ಕೇಂದ್ರಗಳಲ್ಲಿ, ತೋಟದ ಮನೆಗಳಲ್ಲಿ, ಬೆಂಗಳೂರಿನ ಹಳೇ ಬಡಾವಣೆಗಳ ಪೋರ್ಟಿಕೊಗಳಲ್ಲಿ ಇವು ಇನ್ನೂ ಉಳಿದುಕೊಂಡಿವೆ. ಈ ಕಾರುಗಳಲ್ಲಿ ಒಂದು ದೊಡ್ಡ ಗುಣವಿದೆ. ಏನು ಕೆಟ್ಟಿದೆ ಎಂಬುದನ್ನು ಅವು ಮುಚ್ಚಿಡುವುದಿಲ್ಲ. ಕಂಪ್ಯೂಟರ್ ತಂದು ಜೋಡಿಸಬೇಕಿಲ್ಲ. ಕಣ್ಣು, ಕಿವಿ, ಮೂಗು ಜೊತೆಗೆ ಒಂದು ಮಲ್ಟಿಮೀಟರ್ ಇದ್ದರೆ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ಬೇಕಾದದ್ದು ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂಬ ವರಸೆ.

ಪೆಟ್ರೋಲ್ ಎಂಜಿನ್ ಕೇಳುವುದು ನಾಲ್ಕನ್ನೇ. ಅದು ತಕ್ಕ ವೇಗದಲ್ಲಿ ತಿರುಗಬೇಕು. ಸರಿಯಾದ ಹೊತ್ತಿಗೆ ಕಿಡಿ ಹಾರಬೇಕು. ಹದವಾದ ಪೆಟ್ರೋಲ್-ಗಾಳಿ ಮಿಶ್ರಣ ಒಳಗೆ ಬರಬೇಕು. ಬಂದದ್ದು ಸೋರದೆ ಒತ್ತಡಕ್ಕೆ ಸಿಗಬೇಕು. ನಾಲ್ಕರಲ್ಲಿ ತಪ್ಪಿಹೋಗಿರುವುದು ಯಾವುದು ಎಂದು ಮೊದಲು ತಿಳಿದುಕೊಳ್ಳಬೇಕು. ಸ್ಪ್ಯಾನರ್‌ಗೆ ಕೈ ಹಾಕುವುದು ಆಮೇಲಿನ ಮಾತು.

ಮೊದಲು ಕಿವಿಗೆ ಕೆಲಸ

ಅನುಭವಿ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವರ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ಸೆಲ್ಫ್ ತಗೋತಿದೆಯಾ ಸಾರ್?’ ಸ್ಟಾರ್ಟರ್ ಮೋಟರ್‌ಗೆ ನಮ್ಮ ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂದೇ ಹೆಸರು. ಈ ಒಂದು ಪ್ರಶ್ನೆಯ ಉತ್ತರ ಸಮಸ್ಯೆಯನ್ನು ಎರಡು ಹೋಳು ಮಾಡುತ್ತದೆ. ಸೆಲ್ಫ್ ಎಂಜಿನನ್ನು ತಿರುಗಿಸುತ್ತಿಲ್ಲ ಎಂದರೆ ಹುಡುಕಬೇಕಾದದ್ದು ಬ್ಯಾಟರಿಯಿಂದ ಸ್ಟಾರ್ಟರ್‌ವರೆಗಿನ ದಾರಿಯಲ್ಲಿ. ಆಗ ಪ್ಲಗ್, ಕಾರ್ಬೊರೇಟರ್‌ಗಳ ತಂಟೆಗೆ ಹೋಗುವುದೇ ಬೇಡ. ಎಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೆ ‘ಹಿಡೀತಿಲ್ಲ’ ಎಂದರೆ ಬ್ಯಾಟರಿಯನ್ನು ಬಿಟ್ಟು ಕಿಡಿ ಮತ್ತು ಪೆಟ್ರೋಲಿನ ಕಡೆ ನೋಡಬೇಕು.

ಸದ್ದಿನಲ್ಲೂ ಬಗೆಗಳಿವೆ. ಕೀ ತಿರುಗಿಸಿದಾಗ ಏನೇನೂ ಸದ್ದಿಲ್ಲದಿದ್ದರೆ ಕರೆಂಟ್ ಎಲ್ಲೋ ಪೂರ್ತಿ ಕಡಿದುಹೋಗಿದೆ: ಕಳಚಿದ ಟರ್ಮಿನಲ್, ಸವೆದ ಇಗ್ನಿಷನ್ ಸ್ವಿಚ್ ಅಥವಾ ಸೊಲೆನಾಯ್ಡ್‌ಗೆ (ಮೋಟರ್‌ಗೆ ಕರೆಂಟ್ ಕೂಡಿಸುವ ಸ್ವಿಚ್ಚಿಗೆ) ಹೋಗುವ ಸಣ್ಣ ವೈರ್. ‘ಟಕಟಕಟಕ’ ಎಂದು ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸರಿಯಾಗಿ ಕಚ್ಚಿಕೊಂಡಿಲ್ಲ. ಒಂದೇ ಒಂದು ‘ಟಕ್’ ಕೇಳಿ ಮೌನವಾದರೆ ಸೊಲೆನಾಯ್ಡ್ ಕೆಲಸ ಮಾಡಿದೆ, ಮೋಟರ್ ತಿರುಗಿಲ್ಲ. ಒಳಗಿನ ಬ್ರಷ್‌ಗಳು ಸವೆದಿರಬಹುದು. ಇಂಥ ಹೊತ್ತಿನಲ್ಲೇ ಮೋಟರ್‌ನ ಮೈಗೆ ಸ್ಪ್ಯಾನರ್‌ನಿಂದ ಎರಡು ಏಟು ಹಾಕಿ ಸ್ಟಾರ್ಟ್ ಮಾಡಿಸುವ ಚಮತ್ಕಾರ ನಡೆಯುವುದು. ಏಟು ಬಿದ್ದಾಗ ಬ್ರಷ್ ಕೊಂಚ ಸರಿದು ಮತ್ತೆ ತಾಗುತ್ತದೆ, ಅಷ್ಟೇ. ಅದು ಮನೆ ಮುಟ್ಟಲು ಸಾಕು, ರಿಪೇರಿ ಅಲ್ಲ.

ಸೆಲ್ಫ್ ‘ಜೊಂಯ್’ ಎಂದು ಬರಿದೇ ತಿರುಗಿ ಎಂಜಿನ್ ಅಲುಗದಿದ್ದರೆ ಅದರ ಪಿನಿಯನ್ ಫ್ಲೈವೀಲ್‌ನ ಹಲ್ಲಿಗೆ ಸಿಗುತ್ತಿಲ್ಲ. ಎಂಜಿನ್ನೇ ಎಂದಿಗಿಂತ ಹಗುರವಾಗಿ, ಏರಿಳಿತವಿಲ್ಲದೆ ಒಂದೇ ಸಮ ಗಿರಗಿರ ತಿರುಗಿದರೆ ಮಾತ್ರ ಕೈ ತಡೆಯಿರಿ. ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಕೆಲವು ಎಂಜಿನ್‌ಗಳಲ್ಲಿ ಹಾಗೆಯೇ ತಿರುಗಿಸುತ್ತಿದ್ದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ಸಾವಿರಗಳ ಲೆಕ್ಕ ಹತ್ತಾರು ಸಾವಿರಕ್ಕೆ ಏರುತ್ತದೆ.

ಬ್ಯಾಟರಿಯ ಮೇಲೆ ಸುಳ್ಳು ಅಪವಾದ

ಸೆಲ್ಫ್ ತಿರುಗದಿದ್ದಾಗ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ, ಇನ್ನೊಬ್ಬರಿಗೆ ಬೆಳಕನ್ನು ಗಮನಿಸಲು ಹೇಳಿ. ಲೈಟ್ ಮೊದಲಿಗೇ ಮಂಕಾಗಿದ್ದರೆ ಬ್ಯಾಟರಿ ಇಳಿದಿದೆ. ಮೊದಲು ಪ್ರಖರವಾಗಿದ್ದು ಕೀ ತಿರುಗಿಸಿದೊಡನೆ ಪೂರ್ತಿ ಆರಿಹೋದರೆ ಟರ್ಮಿನಲ್‌ನ ಹಿಡಿತ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಲೈಟ್ ಒಂದಿಷ್ಟೂ ಬಾಡದೆ ಉರಿಯುತ್ತಿದ್ದರೆ ಸ್ಟಾರ್ಟರ್‌ಗೆ ಕರೆಂಟೇ ಹೋಗುತ್ತಿಲ್ಲ. ಸ್ವಿಚ್, ಸೊಲೆನಾಯ್ಡ್ ನೋಡಬೇಕು.

ಮಲ್ಟಿಮೀಟರ್ ಇದ್ದರೆ ಇನ್ನೂ ಸ್ಪಷ್ಟ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ. ಪೂರ್ತಿ ಚಾರ್ಜ್ ಆಗಿ ಕೆಲ ಗಂಟೆ ಸುಮ್ಮನಿದ್ದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಬಂದರೆ ಅರ್ಧ ಖಾಲಿ, 11.9ಕ್ಕೆ ಇಳಿದರೆ ಹೆಚ್ಚುಕಡಿಮೆ ಪೂರ್ತಿ ಖಾಲಿ. ಆದರೆ ನಿಂತಾಗಿನ ವೋಲ್ಟೇಜ್ ನೋಡಿ ಮೋಸಹೋಗಬಾರದು. ಸೆಲ್ಫ್ ಹೊಡೆಯುತ್ತಿರುವಾಗ ಅದು 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಭಾರ ಹೊರುವ ತ್ರಾಣ ಉಳಿದಿಲ್ಲ ಎಂದರ್ಥ. ಬೇರೆ ಕಾರಿನಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಎಂಜಿನ್ ಓಡುತ್ತಿರುವಾಗ 13.8ರಿಂದ 14.4 ವೋಲ್ಟ್ ಬರಬೇಕು. ಬರದಿದ್ದರೆ ತಪ್ಪು ಆಲ್ಟರ್‌ನೇಟರ್‌ನದು. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ತಂದರೆ ಅದೂ ಕೆಲವೇ ದಿನಗಳಲ್ಲಿ ಮಲಗುತ್ತದೆ.

ಬ್ಯಾಟರಿಯೂ ಸರಿ, ಆಲ್ಟರ್‌ನೇಟರೂ ಸರಿ ಎಂದಾದರೆ ಟರ್ಮಿನಲ್ ಮೇಲೆ ಬೆಳೆದ ಬಿಳಿ-ಹಸಿರು ಪುಡಿಯತ್ತ ಬನ್ನಿ. ಹೊರಗಿನ ಪುಡಿ ಕಣ್ಣಿಗೆ ಕಾಣುತ್ತದೆ. ಅಡಚಣೆ ಮಾಡುವುದು ಕ್ಲಾಂಪ್‌ನ ಒಳಮೈಯಲ್ಲಿ, ಸೀಸದ ಕಂಬವನ್ನು ಅದು ಅಪ್ಪಿರುವ ಕಡೆ ಕೂತ ಕಪ್ಪು ಪದರ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಅಡುಗೆ ಸೋಡಾ ಕಲಸಿದ ಬಿಸಿನೀರು ಸುರಿದರೆ ಪುಡಿ ನೊರೆಯೆದ್ದು ಕರಗುತ್ತದೆ. ಆ ನೀರು ಸೆಲ್‌ಗಳ ಒಳಗೆ ಹೋಗದಂತೆ ಮುಚ್ಚಳಗಳು ಭದ್ರವಾಗಿರಲಿ. ನಂತರ ಕಂಬವನ್ನೂ ಕ್ಲಾಂಪ್‌ನ ಒಳಗನ್ನೂ ಲೋಹ ಹೊಳೆಯುವ ತನಕ ಮರಳು ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ‘ಬ್ಯಾಟರಿ ಸತ್ತಿದೆ’ ಎಂದು ತೀರ್ಪು ಪಡೆದ ಎಷ್ಟೋ ಕಾರುಗಳು ಇಷ್ಟಕ್ಕೇ ಎದ್ದು ಓಡಿವೆ.

ಇದಕ್ಕಿಂತಲೂ ಅಡಗಿ ಕೂರುವ ಕಳ್ಳ ಅರ್ತ್ ಪಟ್ಟಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದನ್ನೂ ಕಾರಿನ ಬಾಡಿಯನ್ನೂ ಹೆಣೆದ ತಾಮ್ರದ ಪಟ್ಟಿಯೊಂದು ಬೆಸೆದಿರುತ್ತದೆ. ಸ್ಟಾರ್ಟರ್ ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟ್ ಮರಳಿ ಬರಬೇಕಾದದ್ದು ಇದೇ ದಾರಿಯಲ್ಲಿ. ಕರಾವಳಿಯ ಉಪ್ಪುಗಾಳಿಗೆ, ಮಲೆನಾಡಿನ ಮಳೆಗೆ ಅದರ ಬೋಲ್ಟಿನ ಬುಡ ತುಕ್ಕು ಹಿಡಿಯುತ್ತದೆ. ಮೀಟರ್‌ನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್‌ನ ಬರಿ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕಿಬಿದ್ದ.

ಹ್ಯಾಂಡಲ್ ಹೋಗಿ ಸೆಲ್ಫ್ ಬಂತು

ಸೆಲ್ಫ್ ಇಲ್ಲದ ಕಾಲದಲ್ಲಿ ಮುಂಭಾಗಕ್ಕೆ ಹ್ಯಾಂಡಲ್ ತೂರಿಸಿ ತೋಳುಬಲದಿಂದ ಎಂಜಿನ್ ತಿರುಗಿಸಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲ್‌ಗೆ ಸುತ್ತದೆ ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳಬೇಕೆಂದು ಹಳೇ ಡ್ರೈವರ್‌ಗಳು ಹೇಳಿಕೊಡುತ್ತಿದ್ದದ್ದು ಅದಕ್ಕೇ. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಅಪಾಯ ಕ್ರಮೇಣ ದೂರವಾಯಿತು. ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳಿಂದ ಕಿಡಿ ಹುಟ್ಟಿಸುವ ಏರ್ಪಾಟಿಗೂ ಕೆಟರಿಂಗ್ ಅವರದೇ ಹೆಸರಿದೆ. ಅಂಬಾಸಡರ್, ಪದ್ಮಿನಿ, ಮೊದಮೊದಲ ಮಾರುತಿ 800ಗಳಲ್ಲಿ ಇರುವುದು ಅದೇ ಏರ್ಪಾಟು.

ಕಿಡಿ ನೀಲಿಯೋ, ಹಳದಿಯೋ?

ಎಂಜಿನ್ ಚುರುಕಾಗಿ ತಿರುಗಿಯೂ ಹಿಡಿಯದಿದ್ದರೆ ಮೊದಲು ನೋಡಬೇಕಾದದ್ದು ಕಿಡಿ. ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೇ ಮತ್ತೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಪ್ಲಗ್‌ನ ಲೋಹದ ಭಾಗವನ್ನು ಎಂಜಿನ್‌ಗೆ ಒತ್ತಿ. ಸುತ್ತಮುತ್ತ ಪೆಟ್ರೋಲ್ ಚೆಲ್ಲಿರಬಾರದು. ಪ್ಲಗ್ ಬಿಚ್ಚಿದ ತೂತಿನಿಂದಲೂ ದೂರವಿರಲಿ. ಇನ್ನೊಬ್ಬರು ಸೆಲ್ಫ್ ಹೊಡೆದಾಗ ‘ಚಟ್ ಚಟ್’ ಎಂದು ಗಟ್ಟಿಯಾದ ನೀಲಿ ಕಿಡಿ ಹಾರಿದರೆ ಕರೆಂಟ್ ಚೆನ್ನಾಗಿದೆ. ಸಣಕಲು ಹಳದಿ ಕಿಡಿಯಾದರೆ ಅದು ಸಿಲಿಂಡರ್‌ನ ಒತ್ತಡದಲ್ಲಿ ನಿಲ್ಲುವುದಿಲ್ಲ. ಕಾಯಿಲ್ ಹೊರಡಿಸುವುದು ಹತ್ತಾರು ಸಾವಿರ ವೋಲ್ಟ್‌ನ ಹೊಡೆತವಾದ್ದರಿಂದ ಬರಿಗೈಯಲ್ಲಿ ವೈರ್ ಹಿಡಿಯುವ ಸಾಹಸ ಬೇಡ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿನಲ್ಲಿ ವೈರನ್ನು ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆದರೆ ಮಾಡ್ಯೂಲ್ ಸುಟ್ಟೀತು. ಅಲ್ಲಿ ಸ್ಪಾರ್ಕ್ ಟೆಸ್ಟರ್ ಬಳಸುವುದೇ ಕ್ಷೇಮ.

ಕಿಡಿಯೇ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಒಳಗಿನ ಪುಟ್ಟ ಕಾಂಟ್ಯಾಕ್ಟ್ ಜೋಡಿಯೇ ಸಿ.ಬಿ. ಪಾಯಿಂಟ್. ನಡುವಿನ ಕ್ಯಾಮ್ ತಿರುಗಿದಂತೆಲ್ಲ ಅದು ತೆರೆದು ಮುಚ್ಚುತ್ತದೆ. ತೆರೆಯುವ ಪ್ರತಿ ಕ್ಷಣಕ್ಕೂ ಒಂದು ಕಿಡಿ. ಪೂರ್ತಿ ತೆರೆದಾಗ ನಡುವೆ ಸುಮಾರು 0.4 ಮಿಲಿಮೀಟರ್ ಜಾಗ ಇರಬೇಕು. ಫೀಲರ್ ಗೇಜ್ ಇಲ್ಲದ ಕಡೆ ವಿಸಿಟಿಂಗ್ ಕಾರ್ಡ್ ತೂರಿಸಿ ಅಂದಾಜು ಮಾಡುವುದುಂಟು. ಪಾಯಿಂಟ್‌ಗಳ ಮೈ ಸುಟ್ಟು ಗುಳಿ ಬಿದ್ದಿದ್ದರೆ ನುಣುಪಾದ ಮರಳು ಕಾಗದ ಎಳೆದರೆ ತಾತ್ಕಾಲಿಕ ಶಮನ. ಹೊಸ ಪಾಯಿಂಟ್ ಹಾಕಿದರೂ ಬೇಗ ಬೇಗ ಸುಡುತ್ತಿದ್ದರೆ ಗುಮಾನಿ ಕಂಡೆನ್ಸರ್ ಮೇಲೆ. ಬೆರಳಿನ ತುದಿಯಷ್ಟಿರುವ ಈ ಡಬ್ಬಿ ಪಾಯಿಂಟ್ ತೆರೆಯುವಾಗ ಅಲ್ಲೇ ಕಿಡಿ ಹಾರದಂತೆ ಕರೆಂಟನ್ನು ಒಂದು ಕ್ಷಣ ನುಂಗಿಕೊಳ್ಳುತ್ತದೆ. ಅದು ಕೆಟ್ಟರೆ ಕಿಡಿ ಪ್ಲಗ್ಗಿಗೆ ತಲುಪುವ ಬದಲು ಪಾಯಿಂಟ್‌ನಲ್ಲೇ ವ್ಯರ್ಥವಾಗುತ್ತದೆ.

ಮಳೆಗಾಲದ ಬೆಳಗ್ಗೆ ಮಾತ್ರ ಸತಾಯಿಸಿ ಬಿಸಿಲೇರಿದ ಮೇಲೆ ತಾನಾಗಿ ಸ್ಟಾರ್ಟ್ ಆಗುವ ಕಾರಿನ ತೊಂದರೆ ಹೆಚ್ಚಾಗಿ ಕ್ಯಾಪ್‌ನ ಒಳಗೆ ಕೂತ ತೇವ. ಒಣ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಪೆನ್ಸಿಲ್ ಗೆರೆಯಂಥ ಸಣ್ಣ ಕಪ್ಪು ಎಳೆ ಕಂಡರೆ ಕರೆಂಟ್ ಅದರ ಗುಂಟ ಸೋರುತ್ತಿದೆ, ಕ್ಯಾಪ್ ಬದಲಿಸಬೇಕು. ಸೆಲ್ಫ್ ಹೊಡೆಯುವಾಗ ಹಿಡಿದು ಕೀ ಬಿಟ್ಟ ಕೂಡಲೇ ಆರಿಹೋಗುವ ಚಾಳಿಯೂ ಕೆಲವು ಕಾರುಗಳಿಗಿದೆ. ಅಲ್ಲಿ ಸವೆದ ಇಗ್ನಿಷನ್ ಸ್ವಿಚ್ಚನ್ನು, ಕಾಯಿಲ್‌ಗೆ ಬಲಾಸ್ಟ್ ರೆಸಿಸ್ಟರ್ ಇದ್ದರೆ ಅದನ್ನು ನೋಡಬೇಕು. ತಿಂಗಳುಗಟ್ಟಲೆ ನಿಂತ ಕಾರಾದರೆ ಇಲಿ ಕಡಿದ ವೈರನ್ನೂ ಹುಡುಕಬೇಕು.

ಬಿಚ್ಚಿದ ಪ್ಲಗ್ಗೂ ಸಾಕ್ಷಿ ನುಡಿಯುತ್ತದೆ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಯ್ದು ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಅತಿಯಾಗಿದೆ ಅಥವಾ ಕಿಡಿ ಹಾರುತ್ತಿಲ್ಲ. ಎಣ್ಣೆಯ ಜಿಡ್ಡು ಅಂಟಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿದೆ. ಈ ಪ್ಲಗ್ಗಿನ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಬೆಂಗಳೂರಿನ ಆಡುಗೋಡಿಯ ಮೈಕೊ, ದೇಶದ ಗ್ಯಾರೇಜುಗಳಿಗೆ ಸ್ಪಾರ್ಕ್ ಪ್ಲಗ್ ಒದಗಿಸಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಹಳಬರ ಬಾಯಲ್ಲಿ ಅದು ‘ಮೈಕೊ ಪ್ಲಗ್’ ಆಗಿಯೇ ಉಳಿದಿದೆ.

ಪೆಟ್ರೋಲ್ ಬರುತ್ತಿದೆಯೇ?

ವಾಕಿಂಗ್ ಮುಗಿಸಿ ಬಂದ ಹಿರಿಯರ ಪ್ರಶ್ನೆ ಹಾಸ್ಯವಲ್ಲ. ಹಳೇ ಕಾರಿನ ಪೆಟ್ರೋಲ್ ಗೇಜ್ ಸುಳ್ಳು ಹೇಳುವುದು ಸಾಮಾನ್ಯ. ಟ್ಯಾಂಕಿನಲ್ಲಿ ಇದೆ ಎಂದು ಖಚಿತವಾದ ಮೇಲೆ ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್‌ನ ಗಂಟಲಿಗೆ ಕಣ್ಣು ಹಾಯಿಸಿ. ಎಂಜಿನ್ ಆಫ್ ಇರಲಿ, ಬೀಡಿ ಸಿಗರೇಟು ಹತ್ತಿರ ಬೇಡ. ಆಕ್ಸಿಲರೇಟರ್ ಲಿವರನ್ನು ಕೈಯಲ್ಲೇ ಎಳೆದರೆ ಸೂಜಿಯಷ್ಟು ತೆಳುವಾದ ಪೆಟ್ರೋಲ್ ಧಾರೆ ಗಂಟಲೊಳಗೆ ಚಿಮ್ಮಬೇಕು. ಚಿಮ್ಮಿದರೆ ಕಾರ್ಬೊರೇಟರ್‌ನ ಬಟ್ಟಲಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಹಿಂದಕ್ಕೆ ಒಂದೊಂದೇ ಹೆಜ್ಜೆ ಇಡುತ್ತ ಹೋಗಬೇಕು: ಕೆಸರು ಕಟ್ಟಿದ ಫಿಲ್ಟರ್, ಡಯಾಫ್ರಂ ಹರಿದ ಪಂಪ್, ಬಿರುಕು ಬಿಟ್ಟು ಗಾಳಿ ಎಳೆಯುವ ಹೋಸ್, ಗಾಳಿಕಿಂಡಿ ಮುಚ್ಚಿಹೋದ ಟ್ಯಾಂಕ್ ಮುಚ್ಚಳ.

ಇದಕ್ಕೆ ತದ್ವಿರುದ್ಧವಾದದ್ದು ‘ಓವರ್‌ಫ್ಲೋ’. ಸ್ಟಾರ್ಟ್ ಆಗಲಿಲ್ಲವೆಂದು ಚೋಕ್ ಎಳೆದು, ಆಕ್ಸಿಲರೇಟರ್ ಪದೇ ಪದೇ ತುಳಿದರೆ ಪೆಟ್ರೋಲ್ ಸುರಿದು ಪ್ಲಗ್ ತೊಯ್ಯುತ್ತದೆ. ಹಸಿ ಸೌದೆಗೆ ಎಷ್ಟು ಕಡ್ಡಿ ಗೀರಿದರೇನು? ಚೋಕ್ ಒಳಗೆ ತಳ್ಳಿ, ಹತ್ತು ನಿಮಿಷ ಬಿಟ್ಟು, ಆಕ್ಸಿಲರೇಟರನ್ನು ಒಂದೇ ಸಲ ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಹೆಚ್ಚುವರಿ ಗಾಳಿ ನುಗ್ಗಿ ಸಿಲಿಂಡರ್ ಒಣಗುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ. ನಡುವೆ ಬಿಡುವು ಕೊಡದಿದ್ದರೆ ಮೋಟರ್ ಕಾದು ಕೆಡುತ್ತದೆ.

ಬೇಸಿಗೆಯಲ್ಲಿ ಚಾರ್ಮಾಡಿ, ಆಗುಂಬೆ ಘಾಟಿ ಏರಿದ ಹಳೇ ಕಾರು ಚಹಾಕ್ಕೆಂದು ನಿಲ್ಲಿಸಿದಲ್ಲೇ ಕೂತುಬಿಡುವುದಕ್ಕೆ ಕಾರಣ ಬೇರೆ. ಪಂಪ್ ಇರುವುದು ಬಿಸಿ ಎಂಜಿನ್‌ನ ಮೈಮೇಲೆ. ಕಾದ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ದ್ರವ ತಳ್ಳಲು ಮಾಡಿದ ಪಂಪ್‌ಗೆ ಆವಿಯನ್ನು ತಳ್ಳಲಾಗದು. ಡ್ರೈವರ್‌ಗಳು ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಿದ್ದದ್ದು ಮೂಢನಂಬಿಕೆಯಲ್ಲ. ಆವಿ ತಣಿದು ಮತ್ತೆ ದ್ರವವಾದರೆ ಕಾರು ಹೊರಡುತ್ತದೆ.

ಈಗ ಇನ್ನೊಂದು ವಿಚಾರ ಸೇರಿಕೊಂಡಿದೆ. ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆಸಲಾಗುತ್ತಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೇ ಕಾಲದ ರಬ್ಬರನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಕಾರ್ಬೊರೇಟರ್ ಕಾರುಗಳು ತಯಾರಾದಾಗ ಈ ಮಿಶ್ರಣದ ಲೆಕ್ಕವೇ ಇರಲಿಲ್ಲ. ಆದ್ದರಿಂದ ಹೋಸ್, ಡಯಾಫ್ರಂಗಳನ್ನು ಎಥನಾಲ್ ತಾಳುವ ಬಗೆಯದಕ್ಕೆ ಬದಲಿಸಿಕೊಳ್ಳುವುದು, ಕಾರನ್ನು ತಿಂಗಳುಗಟ್ಟಲೆ ಹಳೇ ಪೆಟ್ರೋಲಿನಲ್ಲಿ ನಿಲ್ಲಿಸದಿರುವುದು ಒಳ್ಳೆಯದು.

ಇಂಜೆಕ್ಷನ್ ಕಾರಾದರೆ, ಡೀಸೆಲ್ ಆದರೆ

2000ದ ಆಸುಪಾಸಿನಿಂದ ಬಂದ ಎಂಪಿಎಫ್‌ಐ ಕಾರುಗಳೂ ಈಗ ಹಳೇ ಕಾರುಗಳೇ. ಇಲ್ಲಿ ವರಸೆ ಅದೇ, ಹುಡುಕುವ ಜಾಗ ಬೇರೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ‘ಗುಂಯ್’ ಎಂದು ಪಂಪ್ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್ ಮತ್ತು ರಿಲೇ ಮೊದಲು, ಪಂಪ್ ಆಮೇಲೆ. ಡ್ಯಾಷ್‌ಬೋರ್ಡಿನಲ್ಲಿ ಕೀಲಿಯ ಚಿತ್ರ ಮಿನುಗುತ್ತಿದ್ದರೆ ಇಮ್ಮೊಬಿಲೈಜರ್ ಕೀಯನ್ನು ಗುರುತಿಸಿಲ್ಲ. ಇನ್ನೊಂದು ಕೀ ಹಾಕಿ ನೋಡಿ. ತಣ್ಣಗಿರುವಾಗ ಸರಿಯಿದ್ದು, ಬಿಸಿಯಾದ ಮೇಲೆ ಮಾತ್ರ ಹಿಡಿಯದ ಕಾರಿನಲ್ಲಿ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಡೀಸೆಲ್ ಗಾಡಿಗೆ ಪ್ಲಗ್ ಕಿಡಿಯ ಗೊಡವೆಯಿಲ್ಲ. ಅಲ್ಲಿ ಚಳಿಯಲ್ಲಿ ಕೈಕೊಡುವುದು ಹೀಟರ್ ಪ್ಲಗ್, ಟ್ಯಾಂಕ್ ಖಾಲಿಯಾದ ಮೇಲೆ ಕಾಡುವುದು ಲೈನಿನಲ್ಲಿ ಹಿಡಿದ ಏರ್. ಏರ್ ತೆಗೆಯದೆ ಎಷ್ಟು ಸೆಲ್ಫ್ ಹೊಡೆದರೂ ಪ್ರಯೋಜನವಿಲ್ಲ.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಹಿಡಿಯುತ್ತಿಲ್ಲ ಎಂದಾಗ ಮಾತ್ರ ಕಂಪ್ರೆಷನ್ ಪರೀಕ್ಷೆ. ಗೇಜ್ ಹಾಕಿ ಎಲ್ಲ ಸಿಲಿಂಡರ್ ನೋಡಬೇಕು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಏರಿದರೆ ಸವೆದಿರುವುದು ರಿಂಗ್, ಏರದಿದ್ದರೆ ವಾಲ್ವ್. ‘ಎಂಜಿನ್ ಇಳಿಸಬೇಕು’ ಎಂಬ ಮಾತು ಬರಬೇಕಾದದ್ದು ಈ ಪರೀಕ್ಷೆಯ ನಂತರ, ಮೊದಲಲ್ಲ.

ಮೆಕ್ಯಾನಿಕ್‌ಗೆ ಏನು ಹೇಳಬೇಕು?

ಎಲ್ಲವನ್ನೂ ಮಾಲೀಕರೇ ಮಾಡಬೇಕೆಂದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಕಾರುಗಳ ಸಾಮಾನು ಇನ್ನೂ ಹುಡುಕಿದರೆ ಸಿಗುತ್ತದೆ; ಆದರೆ ಪಾಯಿಂಟ್ ಹದ ಮಾಡುವ ಕೈಗಳು ಕಡಿಮೆಯಾಗುತ್ತಿವೆ. ಹಾಗಾಗಿ ನಿಮ್ಮ ಮೆಕ್ಯಾನಿಕ್‌ಗೆ ‘ಬ್ಯಾಟರಿ ಹಾಕಿ’, ‘ಕಾಯಿಲ್ ಹಾಕಿ’ ಎಂದು ಹೇಳಬೇಡಿ. ಸೆಲ್ಫ್ ತಿರುಗಿತೇ, ಹೇಗೆ ಸದ್ದು ಮಾಡಿತು, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಮಳೆ ಬಂದಿತ್ತೇ, ಪೆಟ್ರೋಲ್ ವಾಸನೆ ಇತ್ತೇ, ಕೊನೆಯ ಸಲ ಏನು ರಿಪೇರಿ ಮಾಡಿಸಿದ್ದಿರಿ ಇಷ್ಟನ್ನು ಹೇಳಿ. ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಲು, ತೆಗೆದ ಹಳೆಯದನ್ನು ನಿಮ್ಮ ಕೈಗೆ ಕೊಡಲು ಕೇಳಿ. ಯಾವುದು ಕೆಟ್ಟಿದೆ ಎಂಬುದನ್ನು ಅವರು ಪರೀಕ್ಷೆ ಮಾಡಿ ತೋರಿಸಲಿ. ಬಾನೆಟ್ ಎತ್ತುವ ಮೊದಲೇ ಸಾಮಾನಿನ ಪಟ್ಟಿ ಬರೆದುಕೊಟ್ಟರೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ.